ಛೇದದ ಕರಣಿಯನ್ನು ಕಳೆಯುವುದೇಕೆ?

ಹಗಲೆಲ್ಲ ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿದು, ರಾತ್ರಿಶಾಲೆಯಲ್ಲಿ ಓದುವ ನಮ್ಮ ತರುಣರನ್ನು ಬೀಜಗಣಿತದ ಕರಣಿಗಳು ಬಹಳವಾಗಿ ಕಾಡುತ್ತವೆ. 'ಛೇದದಲ್ಲಿ ವರ್ಗಮೂಲ ಉಳಿಯಕೂಡದು' ಎಂಬ ನಿಯಮವನ್ನು ಅವರು ಬಾಯಿಪಾಠ ಮಾಡುವರು. ಆದರೆ ಕಾರಣವರಿಯದ ನಿಯಮವು ಪರೀಕ್ಷೆಯ ಗಾಬರಿಯಲ್ಲಿ ಮರೆತುಹೋಗುವುದು ಸಹಜ. ಆ ಕಾರಣವನ್ನೇ ನಾವಿಲ್ಲಿ ವಿಚಾರಿಸೋಣ.

√50 ಮತ್ತು 1/√2 ಎಂಬ ಎರಡು ಸಂಖ್ಯೆಗಳನ್ನು ಕೂಡಿಸಬೇಕೆಂದಿಟ್ಟುಕೊಳ್ಳೋಣ. ನೋಟಕ್ಕೆ ಇವೆರಡಕ್ಕೂ ಸಂಬಂಧವೇ ಇಲ್ಲ. 50 ಎಂದರೆ 25×2. 25ರ ವರ್ಗಮೂಲ 5. ಆದುದರಿಂದ √50 ಎಂಬುದು 5√2. ಇನ್ನು 1/√2ರ ಅಂಶ, ಛೇದಗಳೆರಡನ್ನೂ √2ರಿಂದ ಗುಣಿಸಿದರೆ √2/2 ದೊರೆಯುತ್ತದೆ. ನೂರರ ನೋಟನ್ನು ಐವತ್ತರ ಎರಡು ನೋಟುಗಳಾಗಿ ಮುರಿಸಿದಂತೆ, ಇಲ್ಲಿ ರೂಪ ಬದಲಾಯಿತೇ ಹೊರತು ಬೆಲೆ ಬದಲಾಗಲಿಲ್ಲ. ಈಗ ಎರಡೂ √2ರ ಲೆಕ್ಕಕ್ಕೇ ಸೇರಿದವು; ಮೊತ್ತ 11√2/2. ಮೇಲಾಗಿ, 1ನ್ನು 1.4142ರಿಂದ ಭಾಗಿಸುವ ಶ್ರಮವೆಲ್ಲಿ, 1.4142ನ್ನು ಅರ್ಧ ಮಾಡಿ 0.7071 ಎಂದು ಬರೆಯುವ ಸುಲಭವೆಲ್ಲಿ!

ಛೇದದಲ್ಲಿ ಎರಡು ಕರಣಿಗಳಿದ್ದಾಗ ಲಾಭ ಇನ್ನೂ ಹೆಚ್ಚು. 1/(√3−√2) ಎಂಬುದನ್ನು ನೋಡಿರಿ. ಸ್ಥೂಲವಾಗಿ √3ಕ್ಕೆ 1.7, √2ಕ್ಕೆ 1.4 ಎಂದು ಹಿಡಿದು ಭಾಗಿಸಿದರೆ 3.33 ಬರುತ್ತದೆ. ಮೇಲೂ ಕೆಳಗೂ √3+√2ರಿಂದ ಗುಣಿಸಿದರೆ ಛೇದವು 3−2, ಅಂದರೆ 1 ಆಗಿ, ಉತ್ತರ √3+√2 ಎಂದು ಉಳಿಯುವುದು. ಅದೇ ಸ್ಥೂಲ ಬೆಲೆಗಳಿಂದ 3.1. ನಿಜವಾದ ಬೆಲೆ ಸುಮಾರು 3.146. ಚಿಕ್ಕ ವ್ಯತ್ಯಾಸದಿಂದ ಭಾಗಿಸುವಾಗ ಚಿಕ್ಕ ತಪ್ಪೂ ದೊಡ್ಡದಾಗುವುದೆಂಬುದಕ್ಕೆ ಇದೇ ಸಾಕ್ಷಿ.

ಈ ಉಪಾಯವು ಪರದೇಶದಿಂದ ಬಂದ ಹೊಸತೆಂದು ಯಾರೂ ಭಾವಿಸಬೇಕಾಗಿಲ್ಲ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ರಚಿಸಿದ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿಯೂ, 12ನೆಯ ಶತಮಾನದ ಭಾಸ್ಕರಾಚಾರ್ಯನ 'ಬೀಜಗಣಿತ'ದಲ್ಲಿಯೂ ಇದು ಉಕ್ತವಾಗಿದೆ: ಭಾಜಕದಲ್ಲಿನ ಒಂದು ಕರಣಿಯ ಚಿಹ್ನೆಯನ್ನು ತಿರುಗಿಸಿ, ಅದರಿಂದ ಭಾಜ್ಯ, ಭಾಜಕಗಳೆರಡನ್ನೂ ಗುಣಿಸತಕ್ಕದ್ದು. 'ಕರಣಿ' ಎಂಬ ಶಬ್ದವನ್ನೂ ಅವರು ಬಳಸಿದ್ದಾರೆ.

ಇಂದು ಕಿಸೆಯಲ್ಲಿನ ಮೊಬೈಲು ಕ್ಷಣದಲ್ಲಿ ಭಾಗಾಕಾರ ಮಾಡಿಕೊಡುತ್ತದೆ, ದಿಟ. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಅದು ಜೊತೆಗಿರದು. ಬೇರೆಬೇರೆಯಾಗಿ ಕಾಣುವ ಎರಡು ಉತ್ತರಗಳು ಒಂದೇ ಎಂಬುದನ್ನು ಗುರುತಿಸುವ ವಿವೇಕವು ಕಲಿತವನದೇ ಸೊತ್ತು. ಆದುದರಿಂದ ನಮ್ಮ ತರುಣರು ನಿಯಮದೊಡನೆ ಅದರ ಕಾರಣವನ್ನೂ ಅರಿತು, ಅಂಜದೆ ಪರೀಕ್ಷೆಗೆ ಕುಳಿತುಕೊಳ್ಳಲೆಂದು ನಾವು ಆಶಿಸುತ್ತೇವೆ.