ಎಂಟನೆಯ ಸರ್ವರ್

2012ರ ಆಗಸ್ಟ್ 1ರ ಬೆಳಿಗ್ಗೆ ನ್ಯೂಯಾರ್ಕ್ ಷೇರುಪೇಟೆ ತೆರೆದದ್ದೇ ತಡ, ನೈಟ್ ಕ್ಯಾಪಿಟಲ್ ಎಂಬ ದಲ್ಲಾಳಿ ಕಂಪನಿಯ ಕಂಪ್ಯೂಟರ್‌ಗಳು ಯಾರೂ ಕೇಳದ ಷೇರುಗಳನ್ನು ಒಂದೇ ಸಮನೆ ಕೊಳ್ಳತೊಡಗಿದವು, ಮಾರತೊಡಗಿದವು. ಗ್ರಾಹಕರ 212 ಆದೇಶಗಳು 45 ನಿಮಿಷಗಳಲ್ಲಿ 40 ಲಕ್ಷ ವಹಿವಾಟುಗಳಾದವು. ನಷ್ಟ 46 ಕೋಟಿ ಡಾಲರ್‌ಗೂ ಹೆಚ್ಚು.

ಆದೇಶ ರವಾನಿಸಲು ಅಲ್ಲಿ ಎಂಟು ಸರ್ವರ್‌ಗಳಿದ್ದವು. ಹೊಸ ತಂತ್ರಾಂಶ ಏಳಕ್ಕೆ ತಲುಪಿತ್ತು. ಎಂಟನೆಯದರಲ್ಲಿ 2003ರಲ್ಲೇ ಬಳಕೆ ನಿಂತಿದ್ದ ಕೋಡ್ ಉಳಿದಿತ್ತು. ಹೊಸ ತಂತ್ರಾಂಶವನ್ನು ಚಾಲೂ ಮಾಡುವ ಸಂಕೇತವೇ ಅದನ್ನೂ ಎಬ್ಬಿಸಿತು. ತೊಂದರೆ ಎಲ್ಲಿದೆಯೆಂದು ತಿಳಿಯದೆ, ಸರಿಯಾಗಿದ್ದ ಏಳರಿಂದಲೂ ಹೊಸ ಕೋಡ್ ತೆಗೆದರು. ಆಗ ಎಂಟೂ ಕೆಟ್ಟವು. ಎಂಟೂ ಒಂದೇ ಸ್ಥಿತಿಯಲ್ಲಿವೆಯೇ ಎಂದು ಇನ್ನೊಬ್ಬರು ನೋಡುವ ಕ್ರಮವೇ ಅಲ್ಲಿರಲಿಲ್ಲ.

ಒಂದು ಸರ್ವರ್ ಹೀಗೆ ಕಣ್ತಪ್ಪುವ ಅಪಾಯ ಬೇರೆಡೆಯೂ ಇದೆ. ಸರ್ವರ್‌ಗಳ ಗುಂಪನ್ನು, ಅಂದರೆ ಕ್ಲಸ್ಟರನ್ನು, ನೋಡಿಕೊಳ್ಳುವ ಸ್ಕ್ರಿಪ್ಟಿನಲ್ಲಿ ಸಾಮಾನ್ಯವಾಗಿ ಹೆಸರುಗಳ ಪಟ್ಟಿಯೊಂದಿರುತ್ತದೆ. ಬರೆದ ದಿನ ಅದು ಸರಿಯೇ. ಆಮೇಲೆ ಒಂದು ಯಂತ್ರ ಸೇರುತ್ತದೆ, ಇನ್ನೊಂದು ಕೆಟ್ಟು ಹೊರಬೀಳುತ್ತದೆ, ಮತ್ತೊಂದು ಹಳೆಯ ಹೆಸರಿನಲ್ಲೇ ಹೊಸದಾಗಿ ಬಂದು ಕೂರುತ್ತದೆ. ಹಾಗಾಗಿ ಸ್ಕ್ರಿಪ್ಟ್ ಕೆಲಸಕ್ಕೆ ಕೈಹಾಕುವ ಮೊದಲು ಸದಸ್ಯರು ಯಾರೆಂದು ಕ್ಲಸ್ಟರನ್ನೇ ಕೇಳಿ, ತನ್ನ ಪಟ್ಟಿಯೊಂದಿಗೆ ತಾಳೆ ನೋಡಬೇಕು.

ಕೇಳುವುದು ಯಾರನ್ನು? ಜಾಲದಿಂದ ಕಡಿದುಹೋದ ಸರ್ವರ್‌ಗೆ ಉಳಿದವೆಲ್ಲ ಸತ್ತಂತೆಯೇ ಕಾಣುತ್ತವೆ; ಅದೊಂದರ ಮಾತು ನೆಚ್ಚುವಂತಿಲ್ಲ. ಇದಕ್ಕೆಂದೇ ಬಹುಮತದ ನಿಯಮವಿದೆ: ಐದರಲ್ಲಿ ಮೂರು ಒಪ್ಪಿದರೆ ಮಾತ್ರ ನಿರ್ಧಾರ. ನಾಲ್ಕು ಸರ್ವರ್‌ಗಳು ಎರಡು-ಎರಡಾಗಿ ಒಡೆದರೆ ಯಾವ ಕಡೆಗೂ ಬಹುಮತವಿಲ್ಲ. ಬೆಸ ಸಂಖ್ಯೆಗೆ ಆದ್ಯತೆ ಬಂದದ್ದು ಹೀಗೆ.

ಉತ್ತರ ಕೊಡದ ಸರ್ವರನ್ನು ಎಚ್ಚರಿಕೆಯ ಒಂದು ಸಾಲು ಮುದ್ರಿಸಿ ದಾಟಿಹೋಗುವ ಸ್ಕ್ರಿಪ್ಟ್‌ಗಳಿವೆ. ನನ್ನ ದೃಷ್ಟಿಯಲ್ಲಿ ಇದರಷ್ಟು ಅಪಾಯದ ಅಭ್ಯಾಸ ಇನ್ನೊಂದಿಲ್ಲ. ಲೆಕ್ಕ ತಾಳೆಯಾಗದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಬೇಕು.

ಸದಸ್ಯನನ್ನು ತೆಗೆಯುವಾಗಲಂತೂ ಇದು ಇನ್ನೂ ಮುಖ್ಯ. ಮೂರರಲ್ಲಿ ಒಂದು ಆಗಲೇ ಸತ್ತಿದೆ ಎನ್ನಿ. ಸ್ಕ್ರಿಪ್ಟ್ ಅದನ್ನರಿಯದೆ ಬದುಕಿರುವ ಒಂದನ್ನು ತೆಗೆದರೆ ಪಟ್ಟಿಯಲ್ಲಿ ಉಳಿಯುವುದು ಎರಡು. ಬಹುಮತಕ್ಕೆ ಎರಡೂ ಬೇಕು, ಉಸಿರಾಡುತ್ತಿರುವುದು ಒಂದೇ. ಅಲ್ಲಿಂದಾಚೆ ಒಂದಕ್ಷರವೂ ದಾಖಲಾಗದು. ಕ್ಲಸ್ಟರ್ ನಿರ್ವಹಿಸುವ ತಂತ್ರಾಂಶವಾದ ಕುಬರ್ನೆಟೀಸ್‌ನ ಮಾಹಿತಿ ಕಾಯುವ ಇಟಿಸಿಡಿ ಇಂಥ ಕೋರಿಕೆಯನ್ನು ತಾನೇ ತಿರಸ್ಕರಿಸುತ್ತದೆ. ಆ ಸ್ಥಿತಿಯಲ್ಲಿ ಸತ್ತ ಸದಸ್ಯನನ್ನು ತೆಗೆಯಲು ಮಾತ್ರ ಒಪ್ಪುತ್ತದೆ.