ಹಳೆಯ ಗಾಡಿ ಗೆದ್ದ ಕಥೆ

ಕಳೆದ ತಿಂಗಳು ಮಿಲ್ಲಿನ ಲೆಕ್ಕಪತ್ರದ ಕೆಲಸದ ಮೇಲೆ ನಾವು ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೋಗಿದ್ದೆವು. ಸಂಜೆ ಆಟೋನಗರದಲ್ಲಿ ರಾಯಚೂರು ಕಡೆಯ ಹುಡುಗನೊಬ್ಬನ ಪರಿಚಯವಾಯಿತು. ಗ್ಯಾರೇಜಿನಲ್ಲಿ ಕೆಲಸ, ಕೈಯೆಲ್ಲ ಗ್ರೀಸು. ಕನ್ನಡ ವಾಚನಾಲಯದ ವಿಷಯ ತಿಳಿಸಿ, ಚಂದಾ ಇಲ್ಲ, ಬಿಡುವಾದಾಗ ಬಂದು ಓದಬಹುದು ಎಂದೆವು. ಅವನು ನಕ್ಕು, "ಅಣ್ಣಾರ, ನಾವು ಗ್ಯಾರೇಜಿನ ಮಂದಿ. ಓದಿ ಏನ್ ಮಾಡಬೇಕ್ರಿ? ಹಳೇ ಗಾಡಿ ಬಿಚ್ಚೋದು, ಕಟ್ಟೋದು, ಅಷ್ಟ ನಮ್ಮ ಹಣೇಬರ" ಎಂದ. ಆ ಕ್ಷಣಕ್ಕೆ ನಮಗೆ ಉತ್ತರ ಹೊಳೆಯಲಿಲ್ಲ. ರಾತ್ರಿ ರೈಲಿನಲ್ಲಿ ಮರಳುವಾಗ ಹೊಳೆಯಿತು. ಅದನ್ನೇ ಇಲ್ಲಿ ಬರೆದಿದ್ದೇವೆ.

ವೋಲ್ವೋ ಎಂದರೆ ನಮ್ಮವರಿಗೆ ಊರಿಗೆ ಹೋಗುವ ತಣ್ಣನೆಯ ಬಸ್ಸು. 2001ರಿಂದ ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಆ ಬಸ್ಸುಗಳು ತಯಾರಾಗತೊಡಗಿದವು. ಆದರೆ ಸ್ವೀಡನ್ ದೇಶದ ಈ ಕಂಪನಿ ಅದಕ್ಕೆ ಬಹಳ ಹಿಂದೆಯೇ ಒಂದು ಪುಟ್ಟ ಕಾರಿನಿಂದ ಹೆಸರು ಪಡೆದಿತ್ತು. ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1944ರಲ್ಲಿ, ಸ್ಟಾಕ್‌ಹೋಮ್ ನಗರದಲ್ಲಿ ಆ ಕಾರನ್ನು ಜನರಿಗೆ ತೋರಿಸಿದರು. ಅದರ ಹೆಸರು ಪಿ.ವಿ. 444. ಯುದ್ಧ ಮುಗಿದು, ಉಕ್ಕು ಸಿಕ್ಕು, ಗಿರಾಕಿಗಳ ಕೈಗೆ ಗಾಡಿ ಬರುವ ಹೊತ್ತಿಗೆ 1947 ಆಗಿತ್ತು. 1958ರಲ್ಲಿ ಅದನ್ನೇ ತಿದ್ದಿ ಪಿ.ವಿ. 544 ಎಂಬ ಹೆಸರಿನಿಂದ ಹೊರತಂದರು. ಮುಂದಿನ ಗಾಜು ಮೊದಲು ಎರಡು ತುಂಡಾಗಿದ್ದುದು ಈಗ ಒಂದೇ ಆಯಿತು. ನೋಡಲು ಗುಂಡುಬೆನ್ನಿನ ಆಮೆಯಂತಹ ಗಾಡಿ. ಇಂದು ನಾವೆಲ್ಲ ಕಾರಿನಲ್ಲಿ ಕಟ್ಟಿಕೊಳ್ಳುವ, ಹೆಗಲು ಮತ್ತು ಸೊಂಟವನ್ನು ಒಟ್ಟಿಗೆ ಹಿಡಿಯುವ ಸುರಕ್ಷಾ ಪಟ್ಟಿ 1959ರಲ್ಲಿ ಮೊದಲು ಬಂದದ್ದೂ ಇದೇ ವೋಲ್ವೋ ಕಾರುಗಳಲ್ಲಿ. ಅದನ್ನು ರೂಪಿಸಿದವರು ನಿಲ್ಸ್ ಬೋಲಿನ್ ಎಂಬ ಎಂಜಿನಿಯರು.

ರ್ಯಾಲಿ ಎಂದರೇನು ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ರೇಸಿನಲ್ಲಿ ಗಾಡಿಗಳೆಲ್ಲ ಒಟ್ಟಿಗೆ ಹೊರಟು, ಕಟ್ಟಿದ ಮೈದಾನದಲ್ಲಿ ಸುತ್ತು ಹಾಕುತ್ತವೆ. ರ್ಯಾಲಿಯಲ್ಲಿ ಹಾಗಲ್ಲ. ಗಾಡಿಗಳು ಒಂದೊಂದಾಗಿ, ನಡುವೆ ಹೊತ್ತಿನ ಅಂತರವಿಟ್ಟು ಹೊರಡುತ್ತವೆ. ದಾರಿಯಲ್ಲಿ ಅಲ್ಲಲ್ಲಿ ತಪಾಸಣೆಯ ಠಾಣೆಗಳಿರುತ್ತವೆ. ಇಂತಹ ಠಾಣೆಗೆ ಇಷ್ಟು ಹೊತ್ತಿಗೆ ಮುಟ್ಟಬೇಕೆಂಬ ಲೆಕ್ಕವಿರುತ್ತದೆ. ಹಳೆಯ ರ್ಯಾಲಿಗಳಲ್ಲಿ ತಡವಾದ ನಿಮಿಷಗಳಿಗೆ ತಕ್ಕಂತೆ ದಂಡದ ಅಂಕಗಳು ಬೀಳುತ್ತಿದ್ದವು. ಕೊನೆಗೆ ಯಾರ ದಂಡ ಕಡಿಮೆಯೋ ಅವರೇ ವಿಜಯಿಗಳು. ಮಿಲ್ಲಿನ ಗೇಟಿನಲ್ಲಿ ತಡವಾಗಿ ಬಂದವನ ಕೂಲಿ ಕತ್ತರಿಸುವ ನಿಯಮ ಗೊತ್ತಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ! ಗಾಡಿಯಲ್ಲಿ ಇಬ್ಬರಿರುತ್ತಾರೆ. ಒಬ್ಬನು ಓಡಿಸುತ್ತಾನೆ, ಇನ್ನೊಬ್ಬನು ನಕ್ಷೆ, ಗಡಿಯಾರ, ದಾರಿಯ ಪುಸ್ತಕ ಹಿಡಿದು ಮುಂದಿನ ತಿರುವನ್ನು ಹೇಳುತ್ತಾನೆ. ಓದು ಬಾರದವನು ಆ ಎರಡನೆಯ ಆಸನದಲ್ಲಿ ಕೂರಲಾರ ಎಂಬುದನ್ನು ಆಟೋನಗರದ ನಮ್ಮ ಗೆಳೆಯನು ಗಮನಿಸಬೇಕು.

ಈ ಪಿ.ವಿ. ಕಾರು ಸ್ಪರ್ಧೆಗಳಲ್ಲಿ ಪಡೆದ ಗೆಲುವುಗಳು ಸಣ್ಣವಲ್ಲ. ಗುನ್ನಾರ್ ಆಂಡರ್ಸನ್ ಎಂಬ ಸ್ವೀಡನ್ನಿನ ಚಾಲಕರು 1958ರಲ್ಲಿಯೂ 1963ರಲ್ಲಿಯೂ ಯೂರೋಪಿನ ರ್ಯಾಲಿ ಚಾಂಪಿಯನ್ನರಾದರು. 1964ರಲ್ಲಿ ಆ ಪದವಿ ಅದೇ ದೇಶದ ಟಾಮ್ ಟ್ರಾನಾ ಅವರಿಗೆ ಬಂತು. ಇಂಗ್ಲೆಂಡಿನ ಪ್ರಸಿದ್ಧ ಆರ್.ಎ.ಸಿ. ರ್ಯಾಲಿಯನ್ನು ಟ್ರಾನಾ ಇದೇ ಕಾರಿನಲ್ಲಿ 1963 ಮತ್ತು 1964ರಲ್ಲಿ, ಎರಡು ವರ್ಷ ಸಾಲಾಗಿ, ಗೆದ್ದರು. 1964ರಲ್ಲಿ ಗ್ರೀಸ್ ದೇಶದ ಕಲ್ಲುದಾರಿಗಳ ಆಕ್ರೊಪೊಲಿಸ್ ರ್ಯಾಲಿಯೂ ಅವರದಾಯಿತು. ಹಿಮ, ಕಾಡು, ಕಲ್ಲು ಮೂರನ್ನೂ ಈ ಗಾಡಿ ಜಯಿಸಿತೆನ್ನಬಹುದು. ಉಳಿದದ್ದು ಆಫ್ರಿಕಾದ ಕೆಸರು.

ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ನೆನಪಿಗಾಗಿ 1953ರಲ್ಲಿ ಪೂರ್ವ ಆಫ್ರಿಕಾದಲ್ಲಿ ಸಫಾರಿ ರ್ಯಾಲಿ ಆರಂಭವಾಯಿತು. ಈಸ್ಟರ್ ಹಬ್ಬದ ರಜೆಯಲ್ಲಿ, ಮಳೆಗಾಲ ಇಣುಕುವ ಹೊತ್ತಿನಲ್ಲಿ, ಸುಮಾರು 5,000 ಕಿಲೋಮೀಟರು ಓಟ. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೆದ್ದಾರಿಯಲ್ಲಿ ಸುಮಾರು 350 ಕಿಲೋಮೀಟರು. ಏಳು ಸಲ ಹೋಗಿ ಏಳು ಸಲ ಬಂದಷ್ಟು ದೂರವೆಂದು ವಾಚಕರು ಊಹಿಸಿಕೊಳ್ಳಬೇಕು. ಅದೂ ನಮ್ಮ ಹೆದ್ದಾರಿಯಂತಹ ಡಾಂಬರಿನ ಮೇಲಲ್ಲ. ಬಿಸಿಲಿದ್ದರೆ ಕಣ್ಣು ಕಾಣದಷ್ಟು ಕೆಂಧೂಳು. ಮಳೆ ಬಿದ್ದರೆ ನಮ್ಮ ಬಯಲುಸೀಮೆಯ ಎರೆಹೊಲದಂತೆ ಚಕ್ರಕ್ಕೆ ಅಂಟುವ ಕರಿಯ ಕೆಸರು. ರಾತ್ರಿಯಾದರೆ ದೀಪದ ಮುಂದೆ ಕಾಡುಪ್ರಾಣಿ. 1963ರಲ್ಲಿ 84 ಗಾಡಿಗಳು ಹೊರಟು ಏಳು ಮಾತ್ರ ಗುರಿ ಮುಟ್ಟಿದವು. 1964ರಲ್ಲಿ ವೋಲ್ವೋ ಕಂಪನಿಯೇ ತನ್ನ ತಂಡವನ್ನು ಅಲ್ಲಿಗೆ ಕಳಿಸಿತ್ತು. ಗೆಲುವು ಮಾತ್ರ ಫೋರ್ಡ್ ಕಾರ್ಟಿನಾಕ್ಕೆ ಹೋಯಿತು.

ಇಲ್ಲಿ ನಮ್ಮ ಕಥಾನಾಯಕನ ಪ್ರವೇಶವಾಗುತ್ತದೆ. ಅವರ ಹೆಸರು ಜೋಗೀಂದರ್ ಸಿಂಗ್. ಪಂಜಾಬಿನಿಂದ ಕೀನ್ಯಾಕ್ಕೆ ಹೊಟ್ಟೆಪಾಡಿಗಾಗಿ ಹೋದ ಸಿಖ್ ಮನೆತನದಲ್ಲಿ, ಕೆರಿಚೊ ಎಂಬ ಊರಿನಲ್ಲಿ, 1932ರಲ್ಲಿ ಹುಟ್ಟಿದವರು. ನಮ್ಮಂತೆಯೇ ಪರಸ್ಥಳದಲ್ಲಿ ಬೇರು ಬಿಟ್ಟ ಕುಟುಂಬ. ಹದಿಹರೆಯದಲ್ಲೇ ತಂದೆಯ ಗ್ಯಾರೇಜಿನಲ್ಲಿ ಸ್ಪ್ಯಾನರು ಹಿಡಿದರು. ಮುಂದೆ ಅಲ್ಲಿನ ಮೋಟಾರು ಸಂಘದಲ್ಲಿ, ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಸರಿಪಡಿಸುವ ಗಸ್ತಿನ ಕೆಲಸ ಮಾಡಿದರು. ಊರೂರಿನ ದಾರಿ, ಹಳ್ಳ, ತಿರುವು ಎಲ್ಲ ಹೀಗೆ ಪರಿಚಯವಾದವು.

ಅವರೂ ಅವರ ತಮ್ಮ ಜಸ್ವಂತ್ ಸಿಂಗರೂ ಕೂಡಿ, ಹಿಂದಿನ ವರ್ಷ ಕಂಪನಿಯ ತಂಡ ಸಫಾರಿಯಲ್ಲಿ ಓಡಿಸಿದ್ದ ಒಂದು ಹಳೆಯ ಪಿ.ವಿ. 544 ಗಾಡಿಯನ್ನು ಕೊಂಡರು. ಕಂಪನಿಯ ಕಾರ್ಖಾನೆಯ ತಂಡವಲ್ಲ, ಹೊಸ ಗಾಡಿಯಲ್ಲ. ಸ್ವಂತ ದುಡ್ಡು, ಸ್ವಂತ ಕೈ. 1965ರ ಈಸ್ಟರಿನಲ್ಲಿ ಅಣ್ಣ ಚಕ್ರ ಹಿಡಿದರು, ತಮ್ಮ ಪಕ್ಕದಲ್ಲಿ ಕುಳಿತರು. ದೊಡ್ಡ ದೊಡ್ಡ ತಂಡಗಳನ್ನು ಹಿಂದಿಟ್ಟು ಸಫಾರಿಯನ್ನು ಗೆದ್ದೇ ಬಿಟ್ಟರು. ಆ ರ್ಯಾಲಿಯನ್ನು ಗೆದ್ದ ಮೊದಲ ಭಾರತೀಯ ಮೂಲದ ಚಾಲಕರು ಅವರೇ. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಕಾರಿನ ತಯಾರಿಕೆಯೇ ನಿಂತುಹೋಯಿತು. ಮುದಿ ಗಾಡಿ ಮನೆಗೆ ಹೋಗುವ ಮುನ್ನ ತನ್ನ ಅತಿ ದೊಡ್ಡ ಗೆಲುವನ್ನು ಗ್ಯಾರೇಜಿನ ಹುಡುಗರಿಂದ ಪಡೆಯಿತು.

ಈ ಗೆಲುವಿಗೆ ಕಾರಣವೇನು? ಅದೃಷ್ಟವೆಂದರೆ ಅರ್ಧ ಮಾತಾದೀತು. ಕಾರಿನ ಗುಣವನ್ನು ಮೊದಲು ನೋಡೋಣ. ಲಾರಿಯಲ್ಲಿ ಕೆಳಗೆ ಚಾಸಿ, ಮೇಲೆ ಬಾಡಿ ಎಂದು ಎರಡಿರುವಂತೆ ಇದರಲ್ಲಿರಲಿಲ್ಲ. ಉಕ್ಕಿನ ತಗಡನ್ನು ಬೆಸೆದು ಇಡೀ ಗಾಡಿಯನ್ನು ಒಂದೇ ಪೆಟ್ಟಿಗೆಯಂತೆ ಕಟ್ಟಿದ್ದರು. ಆದ್ದರಿಂದ ಭಾರ ಕಡಿಮೆಯಾಗಿದ್ದೂ ಹೊಡೆತ ತಾಳುತ್ತಿತ್ತು. ಹಿಂದಿನ ಆಕ್ಸಲ್ಲಿಗೆ ಪಟ್ಟಿಗಳ ಬದಲು ಸುರುಳಿ ಸ್ಪ್ರಿಂಗು. 1961ರಿಂದ ಬಂದ 1,778 ಸಿ.ಸಿ. ಎಂಜಿನ್ನು ಸರಳವಾದುದು, ಬಿಚ್ಚಲು ಬಲ್ಲವನಿಗೆ ದಾರಿಬದಿಯಲ್ಲೇ ಕೈಗೆ ಸಿಗುವಂಥದು.

ಎರಡನೆಯದು ಮನುಷ್ಯನ ಗುಣ. 1972ರವರೆಗೆ ಹೊರದೇಶದಿಂದ ಬಂದ ಯಾವ ಚಾಲಕನೂ ಸಫಾರಿಯನ್ನು ಗೆಲ್ಲಲಾಗಲಿಲ್ಲ ಎಂಬುದು ಕೌತುಕದ ಸಂಗತಿ. ಯೂರೋಪಿನ ಚಾಂಪಿಯನ್ನರೇ ಬಂದು ಬರಿಗೈಯಲ್ಲಿ ಮರಳಿದರು. ಅವರಿಗೆ ವೇಗ ಗೊತ್ತಿತ್ತು. ಎಲ್ಲಿ ನಿಧಾನಿಸಬೇಕೆಂಬುದು ಗೊತ್ತಿರಲಿಲ್ಲ. ಅದು ಗೊತ್ತಿದ್ದವರು ಅಲ್ಲಿಯ ದಾರಿಯಲ್ಲಿ ಓಡಾಡಿ ಪಳಗಿದವರು. ಜೋಗೀಂದರ್ ಸಿಂಗರು 22 ಸಫಾರಿಗಳಲ್ಲಿ ಭಾಗವಹಿಸಿ 19ರಲ್ಲಿ ಗುರಿ ಮುಟ್ಟಿದರು. ಗಾಡಿಯನ್ನು ಮುರಿಯದೆ ಓಡಿಸುವವನೇ ಕೊನೆಗೆ ಮುಂದಿರುತ್ತಾನೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮುಂದೆ 1974 ಮತ್ತು 1976ರಲ್ಲಿ ಜಪಾನಿನ ಮಿತ್ಸುಬಿಷಿ ಲ್ಯಾನ್ಸರ್ ಕಾರಿನಲ್ಲಿ ಅವರು ಮತ್ತೆರಡು ಸಲ ಗೆದ್ದರು.

ಈ ಗೆಲುವಿನ ಬೆಲೆ ತಿಳಿಯಬೇಕಾದರೆ ಆ ಕಾಲವನ್ನೂ ನೆನೆಯಬೇಕು. ಕೀನ್ಯಾ ಸ್ವತಂತ್ರವಾದದ್ದು 1963ರ ಡಿಸೆಂಬರಿನಲ್ಲಿ. ಅಲ್ಲಿ ಅಂಗಡಿ, ಗ್ಯಾರೇಜು, ರೈಲ್ವೆ ಕೆಲಸಗಳಲ್ಲಿದ್ದ ಭಾರತೀಯರಿಗೆ ತಾವು ಯಾವ ನೆಲದವರೆಂಬ ಚಿಂತೆ ಹತ್ತಿತು. 1968ರ ಹೊತ್ತಿಗೆ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿ ಇಂಗ್ಲೆಂಡಿಗೆ ಹೊರಟರು. ಪಕ್ಕದ ಉಗಾಂಡಾದಿಂದ 1972ರಲ್ಲಿ ಅವರನ್ನು ಹೊರಡಿಸಿಯೇಬಿಟ್ಟರು. ಇಂತಹ ದಿನಗಳಲ್ಲಿ ಪಗಡಿ ತೊಟ್ಟ ಮೆಕ್ಯಾನಿಕ್ಕನೊಬ್ಬನನ್ನು ಆ ನೆಲದ ಜನ "ಸಿಂಬಾ", ಎಂದರೆ ಸಿಂಹ, ಎಂದು ಕರೆದು ತಮ್ಮವನನ್ನಾಗಿ ಮಾಡಿಕೊಂಡರು. ಪರಸ್ಥಳದಲ್ಲಿ ಮರ್ಯಾದೆ ಬೇಡಿ ಸಿಗುವ ವಸ್ತುವಲ್ಲ, ಕೈಕೆಲಸದಿಂದ ಗಳಿಸಬೇಕಾದದ್ದು. 2013ರಲ್ಲಿ ಅವರು ಲಂಡನ್ನಿನಲ್ಲಿ ತೀರಿಕೊಂಡರು.

ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ನಡೆದುಬಂದಿರುವ ಕೆ-1000 ರ್ಯಾಲಿ ದೇಶದ ಹೆಸರಾಂತ ರ್ಯಾಲಿಗಳಲ್ಲೊಂದು. ಕಾಸರಗೋಡು ಜಿಲ್ಲೆಯ ಮೂಸಾ ಶರೀಫರು ನಾವು ಮೇಲೆ ಹೇಳಿದ ಆ ಎರಡನೆಯ ಆಸನದಲ್ಲಿ, ದಾರಿಯ ಪುಸ್ತಕ ಹಿಡಿದು, ನೂರಾರು ರ್ಯಾಲಿಗಳಲ್ಲಿ ಕುಳಿತವರು.

ಹೆದ್ದಾರಿಯಲ್ಲಿ ಬೈಕು ಓಡಿಸುವ ತರುಣ ಮಿತ್ರರಿಗೆ ಒಂದು ಮಾತು. ಈ ಕಥೆ ಓದಿ ಆಕ್ಸಿಲರೇಟರು ತಿರುಗಿಸಬೇಡಿ. ರ್ಯಾಲಿ ಗೆದ್ದವರು ವೇಗದಿಂದಷ್ಟೇ ಗೆಲ್ಲಲಿಲ್ಲ, ಲೆಕ್ಕದಿಂದ ಗೆದ್ದರು ಎಂಬುದೇ ಇದರ ಸಾರ.

ಇನ್ನು ಆಟೋನಗರದ ತಮ್ಮನಿಗೆ ನಮ್ಮ ಉತ್ತರ. ಹಳೆಯ ಗಾಡಿ ಬಿಚ್ಚಿ ಕಟ್ಟುವುದು ಹಣೆಬರಹವಲ್ಲಪ್ಪ, ಅದು ವಿದ್ಯೆ. ವಿದ್ಯೆಯೆಂದ ಮೇಲೆ ಅದಕ್ಕೆ ಓದೂ ಬೇಕು. ಮುಂದಿನ ಸಲ ವಿಶಾಖಪಟ್ಟಣಕ್ಕೆ ಬಂದಾಗ ವಾಚನಾಲಯಕ್ಕೆ ಬಾ. ಗ್ರೀಸಿನ ಕೈ ತೊಳೆಯಲು ನಲ್ಲಿಯ ಬಳಿ ಸಾಬೂನು ಇಟ್ಟಿರುತ್ತೇವೆ. ಮೋಟಾರು ಯಂತ್ರಗಳ ಮೇಲೆ ಕನ್ನಡದಲ್ಲಿ ಬಂದ ಪುಸ್ತಕಗಳು ಯಾರ ಮನೆಯಲ್ಲಾದರೂ ಸುಮ್ಮನೆ ಬಿದ್ದಿದ್ದರೆ, ದಯವಿಟ್ಟು ವಾಚನಾಲಯಕ್ಕೆ ಕೊಡಬೇಕಾಗಿ ವಾಚಕರಲ್ಲಿ ಪ್ರಾರ್ಥನೆ.