ಶೀಟಿನ ಮೇಲೆ ಕಲ್ಲು ಹೇರಿದರೆ ಸಾಲದು, ಕಟ್ಟಿ!

ಎರಡು ವರ್ಷದ ಹಿಂದಿನ ಭರಣಿ ಮಳೆ. ಅರಕಲಗೂಡು ಕಡೆಯ ನಮ್ಮ ತೋಟದ ಶೆಡ್ಡಿನಲ್ಲಿ ಬಿತ್ತನೆ ಆಲೂಗಡ್ಡೆ ಇತ್ತು. ಅಪ್ಪ ಅಲ್ಲೇ ಮಲಗಿದ್ದರು. ಶೀಟಿನ ಮೇಲೆ ಸೈಜುಗಲ್ಲು ಹೇರಿದ್ದೇವಲ್ಲ, ಇನ್ನೇನು ಭಯ ಅಂದುಕೊಂಡಿದ್ದೆ. ಗಾಳಿಗೆ ಮೂರು ಶೀಟು ಹಾರಿದವು. ಒಂದು ಕಲ್ಲು ಅಪ್ಪನ ಮಂಚದ ಪಕ್ಕಕ್ಕೇ ಬಿತ್ತು. ನೆನೆದ ಬೀಜ ಅರ್ಧಕ್ಕರ್ಧ ಕೊಳೆಯಿತು.

ತೋಟಗಾರಿಕೆ ಓದಿದ ನನಗೆ ಊರಿನ ವೆಲ್ಡರ್ ಅಣ್ಣ ಪಾಠ ಹೇಳಿದರು: ಗಾಳಿ ಶೀಟನ್ನು ಅದುಮಲ್ಲ, ಎತ್ತುತ್ತೆ. ಒಂದು ಬದಿ ತೆರೆದಿದ್ದರೆ ಒಳಗಿನಿಂದಲೂ ಒತ್ತುತ್ತೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಬಲ ನಾಲ್ಕು ಪಟ್ಟಾಗುತ್ತೆ.

ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಗೆಳೆಯರೇ, ಏಪ್ರಿಲ್-ಮೇ ಗುಡುಗು ಮಳೆಗೆ ಮುಂಚೆ ಇಷ್ಟು ಮಾಡಿ:

• ಕಲ್ಲು ಇಳಿಸಿ, ಜೆ ಹುಕ್ಕು, ಅಗಲ ವಾಷರ್ ಹಾಕಿಸಿ. ಅಂಚು, ಮೂಲೆಗಳಲ್ಲಿ ಹತ್ತಿರ ಹತ್ತಿರ ಇರಲಿ. ಗಾಳಿ ಮೊದಲು ಕೀಳೋದು ಅಲ್ಲೇ.
• ಶೀಟು ಪೈಪಿಗೆ, ಪೈಪು ಕಂಬಕ್ಕೆ, ಕಂಬ ಕಾಂಕ್ರೀಟಿಗೆ ಬಿಗಿಯಾಗಿರಬೇಕು. ಒಂದು ಸಡಿಲವಾದರೂ ಉಳಿದದ್ದು ದಂಡ.
• ಶೆಡ್ಡಿನ ಮೇಲೆ ಬಾಗಿರುವ ಒಣ ಗರಿ, ಕೊಂಬೆ ತೆಗೆಸಿ.
• ಟ್ರೇಲರನ್ನು ಮರದ ಕೆಳಗೆ ನಿಲ್ಲಿಸಬೇಡಿ. ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಟಾರ್ಪಾಲು ಬಿಗಿಯಾಗಿ ಕಟ್ಟಿ.
• ಬೀಜದ ಮೂಟೆ ನೆಲದಿಂದ ಮೇಲಿರಲಿ.
• ಫೋನಿಗೆ ದಾಮಿನಿ ಆ್ಯಪ್ ಹಾಕಿಕೊಳ್ಳಿ. ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತೆ.

ನಾವೂ ಎಲ್ಲಾ ಬಿಗಿ ಮಾಡಿಸಿದ್ದೇವೆ. ಆದರೂ ಮೋಡ ಕಪ್ಪಾದರೆ ಅಪ್ಪನನ್ನು ಮನೆಗೆ ಕರೆತರುತ್ತೇನೆ. ಶೀಟು ಅಂಗಡಿಯಲ್ಲಿ ಸಿಗುತ್ತೆ, ಅಪ್ಪ ಸಿಗಲ್ಲ.